ಶಿವನಂಜಮ್ಮನ ಕತ್ತಿಲ್ಲದ ಹಂಸ

ಮೈಸೂರಿನಲ್ಲಿ ಮನೆ ಮಾಡಿಕೊಂಡವರಿಗೆ ದಸರಾ ಬಂತೆಂದರೆ ಆ ಮನೆ ತಮ್ಮದಾಗಿ ಉಳಿಯುವುದಿಲ್ಲ. ವರ್ಷವೆಲ್ಲ ಎದುರಿಗೆ ಸಿಕ್ಕರೂ ಗುರುತು ಹಿಡಿಯದ ನೆಂಟರು, ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಮೂರು ತಲೆಮಾರಿನ ಸಂಬಂಧವನ್ನು ಬಾಯಿಪಾಠ ಒಪ್ಪಿಸುತ್ತಾ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಯಾದವಗಿರಿಯ ಬಂಗಲೆಗಳ ಸಾಲಿನ ಹಿಂದೆ ಹೆಂಚಿನ ಮನೆಯಲ್ಲಿದ್ದ ಶಿವನಂಜಮ್ಮನಿಗೆ ನೆಂಟರು ಚಿಲ್ಲರೆಯಾಗಿ ಬಂದದ್ದೇ ಇಲ್ಲ; ಬಂದರೆ ಸಗಟು. ಅದಕ್ಕೆ ಕಾರಣ ಅವಳ ಕೈರುಚಿಯಲ್ಲ, ಗಂಡ ಚೆಲುವರಾಜುವಿನ ಮಾತುಗಾರಿಕೆಯೂ ಅಲ್ಲ. ಅವನು ರೈಲ್ವೆ ಕಛೇರಿಯ ಗುಮಾಸ್ತ. ಮಾತನ್ನೂ ಸರ್ಕಾರದ ಕಾಗದದಷ್ಟೇ ಹಿಡಿತದಿಂದ ಬಳಸುವವನು. ಕಾರಣ ಒಂದೇ, ಆ ಮನೆಯಿಂದ ಬನ್ನಿಮಂಟಪಕ್ಕೆ ನಡೆದೇ ಹೋಗಬಹುದು. ಜಂಬೂಸವಾರಿಗೆ ಹತ್ತಿರ, ರೈಲು ನಿಲ್ದಾಣಕ್ಕೂ ಹತ್ತಿರ. ಇಂಥ ಜಾಗದಲ್ಲಿ ಮನೆ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುವುದು ಯಾರಿಂದ ಸಾಧ್ಯ?

ಶಿವನಂಜಮ್ಮ ಹಿನಕಲ್ಲಿನ ರೈತರ ಮನೆಯ ಹೆಣ್ಣು. ಹುಡುಗಿಯಾಗಿದ್ದಾಗ ಊರಿನಿಂದ ಮೈಸೂರಿಗೆ ನಡೆದು ಬಂದು ಮಿಡ್ಲ್‌ಸ್ಕೂಲು ಓದಿದ್ದಳು. ಓದಿದ್ದರಲ್ಲಿ ಮಿಕ್ಕದ್ದೆಲ್ಲ ಮದುವೆಯಾದ ವರ್ಷವೇ ಮರೆತುಹೋಗಿ, ಹೊಲಿಗೆ ಟೀಚರು ಕಲಿಸಿದ ಕ್ರಾಸ್ ಸ್ಟಿಚ್ಚೊಂದು ಮಾತ್ರ ಬೆರಳಿನಲ್ಲಿ ಉಳಿದುಕೊಂಡಿತ್ತು. ಮ್ಯಾಟಿ ಬಟ್ಟೆಯ ಚೌಕ ಚೌಕದ ನೇಯ್ಗೆಯ ಮೇಲೆ ಗುಣಾಕಾರದ ಗುರುತಿನಂತೆ ಹೊಲಿಗೆ ಹಾಕುತ್ತಾ ಹೋಗುವ ಕೆಲಸ. ನೋಡುವವರಿಗೆ ಸುಲಭ. ಆದರೆ ಎಲ್ಲ ಗುರುತುಗಳಲ್ಲೂ ಮೇಲಿನ ಎಳೆ ಒಂದೇ ಕಡೆಗೆ ಒರಗಿರಬೇಕು. ಒಂದು ಅತ್ತ ಒಂದು ಇತ್ತ ಒರಗಿದರೆ ಬೆಳಕಿಗೆ ಹಿಡಿದಾಗ ಬಟ್ಟೆಯೇ ಚಾಡಿ ಹೇಳುತ್ತದೆ.

ಐವತ್ತರ ದಶಕದ ನಡುವಿನ ಆ ವರ್ಷ, ಜಯಲಕ್ಷ್ಮಿಪುರಂನ ಮಹಿಳಾ ಸಮಾಜದ ಹೊಲಿಗೆ ಟೀಚರ ಗಂಡನಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಸಮಾಜದ ಕಾರ್ಯದರ್ಶಿ ಮಂಜುಳಮ್ಮ ಎಂಬುವರು, ಕಾಲೇಜು ಮೇಷ್ಟರ ಹೆಂಡತಿ, ಯಾರದೋ ಕೈಯಲ್ಲಿ ಶಿವನಂಜಮ್ಮ ಹೊಲಿದ ಕರವಸ್ತ್ರ ನೋಡಿ ಹೇಳಿಕಳಿಸಿದರು. ವಾರಕ್ಕೆ ಮೂರು ಮಧ್ಯಾಹ್ನ ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸ. ಕೇಳಿಕೊಂಡವರು ಇನ್ನೂ ಕೆಲವರಿದ್ದಾರೆ, ಹಾಗಾಗಿ ಒಂದು ದೊಡ್ಡ ಕೆಲಸ ಪೂರ್ತಿ ಮುಗಿಸಿ ತರಬೇಕು. ವಿಜಯದಶಮಿಯ ಮರುದಿನ ಮಧ್ಯಾಹ್ನ ಸಮಿತಿ ಕೂತು ನೋಡಿ ಒಬ್ಬರನ್ನು ಆರಿಸುತ್ತದೆ, ಅರೆಬರೆ ಕೆಲಸ ನೋಡುವ ಪದ್ಧತಿ ಇಲ್ಲ ಎಂದು ಮೊದಲೇ ಸ್ಪಷ್ಟಮಾಡಿದರು.

ಶಿವನಂಜಮ್ಮ ಮನೆಗೆ ಬಂದು ವಿಷಯ ಹೇಳಿದಾಗ ಚೆಲುವರಾಜು ಅವ್ವನ ಮುಖ ನೋಡಿದ. ಅತ್ತೆ ಪುಟ್ಟತಾಯಮ್ಮ ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿ, "ವಿದ್ಯೆ ಹೇಳ್ಕೊಡೋದು ಸರಸ್ವತಿ ಕೆಲ್ಸ ಕಣಮ್ಮ, ಹೋಗು," ಎಂದುಬಿಟ್ಟರು. ಅಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿದ್ದೇ ಶಿವನಂಜಮ್ಮನಿಗೆ ಸ್ವಲ್ಪ ಭಯ ಹುಟ್ಟಿಸಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಹೆಸರು ಹಿಡಿದು ಯಾರೂ ಏನನ್ನೂ ಕೊಟ್ಟಿರಲಿಲ್ಲ. ಆ ಮೂರು ಮಧ್ಯಾಹ್ನ ಅವಳ ಪಾಲಿಗೆ ಯಾರೋ ಪತ್ರ ಮಾಡಿಕೊಟ್ಟ ತೋಟದ ಹಾಗೆ ಕಂಡಿತು. ಬೇಲಿ ಹಾಕುವುದೊಂದೇ ಬಾಕಿ.

ಒಂಟಿಕೊಪ್ಪಲಿನ ಬಿಂದುಮಾಧವನ ಅಂಗಡಿಯಿಂದ ಮ್ಯಾಟಿ ಬಟ್ಟೆ, ದಾರದ ಲಡಿಗಳು ಬಂದವು. ಚಿತ್ರ ಅವಳದೇ ಆಯ್ಕೆ: ಎದುರುಬದುರು ನಿಂತ ಎರಡು ಹಂಸ, ನಡುವೆ ಹೂವಿನ ಕುಂಡ, ಸುತ್ತ ಎಲೆಬಳ್ಳಿಯ ಅಂಚು. ಗೌರಿ ಹಬ್ಬದ ಹೊತ್ತಿಗೆ ಎಡಗಡೆಯ ಹಂಸ ಪೂರ್ತಿ ಎದ್ದು ನಿಂತಿತ್ತು. ಪಿತೃಪಕ್ಷದಲ್ಲಿ ಶುಭಕಾರ್ಯ ಯಾವುದೂ ಇಲ್ಲವಾದ್ದರಿಂದ ನೆಂಟರ ಕಾಟವೂ ಇಲ್ಲ. ಕುಂಡ ಮುಗಿಯಿತು, ಬಳ್ಳಿ ಮೂರು ಕಡೆ ಹಬ್ಬಿತು. ಪಿತೃಗಳಿಗೆ ಶಿವನಂಜಮ್ಮ ಮನಸ್ಸಿನಲ್ಲೇ ಕೈಮುಗಿದಳು. ನಾಲ್ಕನೆಯ ಕಡೆಯ ಅಂಚು, ಬಲಗಡೆಯ ಹಂಸದ ಮೈ, ಕತ್ತು, ತಲೆ ಇಷ್ಟು ಉಳಿದಿತ್ತು. ಕೂತರೆ ನಾಲ್ಕಾರು ದಿನದ ಮಾತು.

ಕೂರುವುದಕ್ಕೆ ಬಿಟ್ಟರೆ ತಾನೆ.

ಪಾಡ್ಯದ ಬೆಳಿಗ್ಗೆಯೇ ಪುಟ್ಟತಾಯಮ್ಮನ ತಮ್ಮ ಕೆಂಪಯ್ಯ ಕೋಲೂರಿಕೊಂಡು ಬಂದಿಳಿದ. ಅವನಿಗೆ ಕಾಫಿ ಬಿಸಿಯಾಗಿದ್ದರೆ ಸುಡುತ್ತದೆ, ಆರಿದ್ದರೆ ಅವಮಾನವಾಗುತ್ತದೆ. ಸರಿಯಾದ ಹದ ಯಾವುದೆಂದು ಆ ಮನೆಯಲ್ಲಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಅವನ ಹಿಂದೆಯೇ ಮಂಡ್ಯದಿಂದ ಚೆಲುವರಾಜುವಿನ ತಂಗಿ ಸಿದ್ದಲಿಂಗಮ್ಮ, ಮಕ್ಕಳು, ಗಂಡ, ಗಂಡನ ಅಕ್ಕ. ಆಮೇಲೆ ಬಂದವರನ್ನು ಶಿವನಂಜಮ್ಮ ಮುಖದಿಂದ ಗುರುತಿಸುವುದನ್ನು ಬಿಟ್ಟು ಹಾಸಿಗೆಯಿಂದ ಗುರುತಿಸತೊಡಗಿದಳು: ಜಮಖಾನದವರು, ಚಾಪೆಯವರು, ಕಿಟಕಿ ಪಕ್ಕದವರು.

ಒಲೆಯ ಮುಂದೆ ಕೂತು ಅನ್ನ ಬೇಯುವಷ್ಟರಲ್ಲಿ ಒಂದು ಸಾಲು, ನಾದಿನಿಯ ಮಗುವಿಗೆ ಎಣ್ಣೆ ಹಚ್ಚಿ ನೆನೆಯುವಷ್ಟರಲ್ಲಿ ಅರ್ಧ ಸಾಲು, ಹೀಗೆ ಹಂಸದ ಮೈ ತುಂಬತೊಡಗಿತು. ಸೂಜಿಗೆ ದಾರ ಪೋಣಿಸುತ್ತಿದ್ದಂತೆ ಯಾರಿಗಾದರೂ ನೀರು ಬೇಕಾಗುತ್ತಿತ್ತು. ಆ ಜನಕ್ಕೆ ಬಾಯಾರಿಕೆ ಆಗುತ್ತಿದ್ದದ್ದು ಸೂಜಿ ಕಂಡಾಗಲೇ ಎಂದು ಅವಳಿಗೆ ಅನುಮಾನ. ಕೆಂಪಯ್ಯ ಒಂದು ಸಲ ಬಟ್ಟೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಬಾತುಕೋಳಿ ಚೆನ್ನಾಗಿ ಬಂದಿದೆ ಎಂದು ಹೊಗಳಿದ. ಅವಳು ತಿದ್ದಲಿಲ್ಲ. ತಿದ್ದಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಕಾಫಿ ಕಾಸಬೇಕಾಗುತ್ತದೆ.

ಕಷ್ಟ ಕೊಟ್ಟವರಿಗಿಂತ ಸಹಾಯಕ್ಕೆ ಬಂದವರು ಹೆಚ್ಚು ಹಾನಿ ಮಾಡಿದರು. ಲಲಿತಾಪಂಚಮಿಯ ಮಧ್ಯಾಹ್ನ ಶಿವನಂಜಮ್ಮ ಚಕ್ಕುಲಿ ಒತ್ತುತ್ತಿದ್ದಾಗ, ಅತ್ತಿಗೆ ಪಾಪ ಒಬ್ಬಳೇ ಎಷ್ಟು ಅಂತ ಮಾಡಿಯಾಳು ಎಂದು ಸಿದ್ದಲಿಂಗಮ್ಮನಿಗೆ ಕನಿಕರ ಬಂತು. ಬಟ್ಟೆ ಎತ್ತಿಕೊಂಡು ಜಗುಲಿಯಲ್ಲಿ ಕೂತು ನಾಲ್ಕನೆಯ ಅಂಚಿನಲ್ಲಿ ಅಷ್ಟುದ್ದ ಬಳ್ಳಿ ಹಬ್ಬಿಸಿಬಿಟ್ಟಳು. ಎಲ್ಲ ಎಳೆಗಳೂ ಉಲ್ಟಾ ಒರಗಿದ್ದವು. ಒಂದು ಚೌಕ ತಪ್ಪಿ ಎಣಿಸಿದ್ದರಿಂದ ಬಳ್ಳಿ ಮೂಲೆಯಲ್ಲಿ ಸೇರುವ ಬದಲು ಹಂಸದ ಕಾಲಿನ ಕಡೆಗೆ ದಾರಿ ಹಿಡಿದಿತ್ತು. "ನೋಡಿ ಅತ್ತಿಗೆ, ಎಷ್ಟ್ ಬೇಗ ಆಗೋಯ್ತು," ಎಂದು ನಾದಿನಿ ಬೆವರು ಒರೆಸಿಕೊಂಡು ನಿಂತಳು. ಚೆನ್ನಾಗಿದೆ ಎಂದಳು ಶಿವನಂಜಮ್ಮ. ಆಮೇಲೆ ಸೌದೆ ಕೊಟ್ಟಿಗೆಯಲ್ಲಿ ನಿಂತು, ಕಳ್ಳಿಯ ಹಾಗೆ ಬಾಗಿಲ ಕಡೆ ನೋಡುತ್ತಾ, ಒಂದೊಂದೇ ಎಳೆ ಬಿಚ್ಚಿದಳು. ಹಾಕುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ಮಹಾನವಮಿಯ ಹೊತ್ತಿಗೆ ಅಂಚು ಹೇಗೋ ಕೂಡಿಕೊಂಡಿತ್ತು. ಉಳಿದದ್ದು ಬಲಗಡೆಯ ಹಂಸದ ಕತ್ತು, ತಲೆ ಮಾತ್ರ. ಅದಕ್ಕೆ ಶಿವನಂಜಮ್ಮ ಒಂದು ಹೊತ್ತನ್ನು ಮೊದಲೇ ಗೊತ್ತುಮಾಡಿ ಇಟ್ಟಿದ್ದಳು. ವಿಜಯದಶಮಿಯ ಮಧ್ಯಾಹ್ನ ಮನೆಯ ಜನವೆಲ್ಲ ಅಂಬಾರಿ ನೋಡಲು ಹೊರಟರೆ ದೀಪ ಹಚ್ಚುವವರೆಗೆ ವಾಪಸಾಗುವುದಿಲ್ಲ. ಮಂಡಿನೋವಿನ ಅತ್ತೆ ಮಾತ್ರ ಮನೆಯಲ್ಲಿ, ಅವರೂ ಊಟವಾದ ಮೇಲೆ ಗೊರಕೆಯಲ್ಲಿ. ಇಡೀ ಮೈಸೂರು ಆನೆಯ ಹಿಂದೆ ಹೋಗಿರುವಾಗ ತಾನೊಬ್ಬಳು ಹಂಸದ ಕತ್ತಿನ ಜೊತೆ ಕೂರುವುದು. ಆ ಒಂದು ಮಧ್ಯಾಹ್ನಕ್ಕಾಗಿ ಅವಳು ಒಂಬತ್ತು ದಿನ ನಗುನಗುತ್ತಾ ಬಡಿಸಿದ್ದಳು.

ಆದರೆ ಮಹಾನವಮಿ ಆಯುಧಪೂಜೆಯ ದಿನ. ಚೆಲುವರಾಜುವಿನ ಸೈಕಲ್ಲು, ಕುಡುಗೋಲು, ಈಳಿಗೆಮಣೆ, ಅಳತೆಯ ಸೇರು ಎಲ್ಲ ತೊಳೆಸಿಕೊಂಡು, ವಿಭೂತಿ ಬಳಿಸಿಕೊಂಡು ಸಾಲಾಗಿ ಕೂತವು. ಶಿವನಂಜಮ್ಮ ಹಿತ್ತಲಿನಲ್ಲಿ ಬೂದುಗುಂಬಳಕಾಯಿ ತೊಳೆದು ಒಳಗೆ ಬರುತ್ತಾಳೆ, ಸಾಲಿನ ನಟ್ಟನಡುವೆ, ಮಣೆಯ ಮೇಲೆ, ಅವಳ ಹಂಸಗಳು. ಬಟ್ಟೆಯ ಮೇಲೆ ಕತ್ತರಿ, ಸೂಜಿಯ ಡಬ್ಬಿ, ದಾರದ ಲಡಿಗಳು. ಪಕ್ಕದಲ್ಲಿ ಚೆಂಡುಹೂವು. ಬಲಗಡೆಯ ಹಂಸದ ತಲೆ ಬರಬೇಕಾದ ಖಾಲಿ ಜಾಗದಲ್ಲಿ, ಅಳತೆ ಹಾಕಿ ಇಟ್ಟಂತೆ, ಕುಂಕುಮದ ಬೊಟ್ಟು.

ಪುಟ್ಟತಾಯಮ್ಮನ ಮುಖದಲ್ಲಿ ಸಂತೋಷ ತುಳುಕುತ್ತಿತ್ತು. "ನನ್ ಮಗನ ಸೈಕಲ್ಗೆ ಪೂಜೆ ಉಂಟು, ನನ್ ಸೊಸೆ ವಿದ್ಯೆಗಿಲ್ವಾ? ನೀ ಕೇಳ್ದೆ ಇದ್ರೂ ನಾನೇ ಮಡಗ್ಬುಟ್ಟೆ ಕಣಮ್ಮ," ಎಂದರು.

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಗೌರವಕ್ಕೆ ಏನೆಂದು ಉತ್ತರ ಕೊಡುವುದು? ಶಿವನಂಜಮ್ಮ ಬಗ್ಗಿ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಗ್ಗಿದ್ದು ಒಳ್ಳೆಯದಾಯಿತು, ಮುಖ ಕಾಣಲಿಲ್ಲ. ಆ ಮನೆಯ ಕಟ್ಟಳೆ ಅವಳಿಗೆ ಗೊತ್ತಿತ್ತು: ಪೂಜೆಗೆ ಕೂತ ಆಯುಧವನ್ನು ಮರುದಿನ ಮನೆಗೆ ಬನ್ನಿಸೊಪ್ಪು ಬಂದು ಅದರ ಮೇಲೆ ಬೀಳುವವರೆಗೂ ಅಲುಗಿಸುವಂತಿಲ್ಲ. ಬನ್ನಿಸೊಪ್ಪು ತರುವವರು ಜಂಬೂಸವಾರಿಗೆ ಹೋದವರೇ. ಅವರು ಬರುವುದು ಕತ್ತಲಾದ ಮೇಲೆ.

ವಿಜಯದಶಮಿಯ ಮಧ್ಯಾಹ್ನ ಮನೆ ಖಾಲಿಯಾಯಿತು. ಶಿವನಂಜಮ್ಮ ಮೆಲ್ಲಗೆ ಅತ್ತೆಯ ಪಕ್ಕ ಕೂತು, ಬಟ್ಟೆಯೇನೂ ಆಯುಧವಲ್ಲವಲ್ಲ, ಅದನ್ನಾದರೂ ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಪುಟ್ಟತಾಯಮ್ಮ ತುಂಬಾ ಹೊತ್ತು ಯೋಚಿಸಿದರು. ಬಟ್ಟೆ ಕುಯ್ಯುವುದಿಲ್ಲ, ಚುಚ್ಚುವುದಿಲ್ಲ, ಕುಯ್ಯಿಸಿಕೊಳ್ಳುವ, ಚುಚ್ಚಿಸಿಕೊಳ್ಳುವ ಪೈಕಿ. ತೆಗೆದುಕೊಳ್ಳಬಹುದು ಎಂದು ತೀರ್ಪಾಯಿತು. ದಾರಕ್ಕೂ ಅದೇ ನ್ಯಾಯ. ಸೂಜಿಗೆ ಮಾತ್ರ ಯಾವ ರೀತಿಯಲ್ಲೂ ಬಿಡುಗಡೆಯಿಲ್ಲ.

ಹಾಗಾದರೆ ಬೇರೆ ಸೂಜಿ. ಅವಳು ಪಕ್ಕದ ಮನೆಗೆ ಹೋದಳು. ಅವರ ಸೂಜಿಗಳೂ ಪೂಜೆಗೆ ಕೂತಿದ್ದವು. ಅದರಾಚೆಯ ಮನೆಯಲ್ಲೂ ಹಾಗೆಯೇ, ಜೊತೆಗೆ ಒಂದು ಲೋಟ ಪಾನಕ. ಬಟ್ಟೆ ಕಂಕುಳಲ್ಲಿ ಹಿಡಿದು ಒಂಟಿಕೊಪ್ಪಲಿನ ತನಕ ನಡೆದಳು. ಬಿಂದುಮಾಧವ ಅಂಗಡಿಯ ಅರ್ಧ ಹಲಗೆ ಸರಿಸಿ ಮೆಟ್ಟಿಲ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತಿದ್ದ. ತಕ್ಕಡಿಗೆ ಹೂವಿನ ಹಾರ, ಅಳತೆಯ ಗಜಕ್ಕೆ ಗಂಧ. ಒಳಗೆ ಸೂಜಿಯ ಪೊಟ್ಟಣಗಳು ಗೋಪುರದಂತೆ ಜೋಡಿಸಿಕೊಂಡು ತುದಿಯಲ್ಲಿ ನಿಂಬೆಹಣ್ಣು ಹೊತ್ತಿದ್ದವು.

"ಒಂದೇ ಒಂದು ಸೂಜಿ ಸ್ವಾಮಿ," ಎಂದಳು ಶಿವನಂಜಮ್ಮ.

ಬಿಂದುಮಾಧವ ಪುರಿ ಅಗಿಯುವುದು ನಿಲ್ಲಿಸಿದ. "ವರ್ಷವೆಲ್ಲ ಯಾರೂ ಕೇಳೋದಿಲ್ಲ ತಾಯಿ. ಇವತ್ತೇ ಬೇಕಾ? ಇವತ್ತು ಅವೆಲ್ಲ ದೇವ್ರು ಕಣಮ್ಮ. ನಾನು ಸೂಜಿ ಮಾರಿಯೇನು, ದೇವ್ರನ್ನ ಹೇಗೆ ಮಾರ್ಲಿ?" ಎಂದ.

ಅವಳು ಸುಮ್ಮನೆ ನಿಂತಳು. ವ್ಯಾಪಾರ ಬಲ್ಲವನಿಗೆ ಸುಮ್ಮನೆ ನಿಲ್ಲುವ ಗಿರಾಕಿಯೇ ಕಷ್ಟ. ಚೌಕಾಸಿ ಮಾಡುವವರನ್ನು ಸಾಗಹಾಕಬಹುದು. ಅವನು ಕತ್ತು ಹೊರಳಿಸಿ ಗೋಪುರ ನೋಡಿದ. ಬುಡದಿಂದ ಒಂದು ಪೊಟ್ಟಣ ಎಳೆದರೆ ನಿಂಬೆಹಣ್ಣು ಉರುಳುತ್ತದೆ, ಒಳಮನೆಯಲ್ಲಿ ಹೆಂಡತಿಗೆ ಸದ್ದು ಕೇಳುತ್ತದೆ. ನಾಳೆ ರಾಹುಕಾಲ ಕಳೆದ ಮೇಲೆ ಬಾಗಿಲು ತೆಗೆಯುವುದಾಗಿಯೂ, ಮೊದಲ ಬೋಣಿಗೆ ಅವಳದೇ ಆಗಲೆಂದೂ ಹೇಳಿ, ಅವಳ ಸೆರಗಿಗೆ ಒಂದು ಬೊಗಸೆ ಕಡ್ಲೆಪುರಿ ಹಾಕಿದ.

ಮನೆಗೆ ಬಂದು ಅವಳು ಸೀರೆಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ಅದರ ತಲೆಗೆ ದಾರ ಕಟ್ಟಿ ನೋಡಿದಳು. ಪಿನ್ನು ತೂತು ಮಾಡಿತು, ದಾರ ಹಿಂದೆಯೇ ಉಳಿಯಿತು. ದೂರದಲ್ಲಿ ಕುಶಾಲುತೋಪು ಹಾರಿದ ಸದ್ದು. ಇಪ್ಪತ್ತೊಂದೋ ಎಷ್ಟೋ, ಅವಳು ಎಣಿಸಲಿಲ್ಲ. ಇಂಥ ಮೌನದ ಮಧ್ಯಾಹ್ನ ಆ ಮನೆಗೆ ವರ್ಷಕ್ಕೊಮ್ಮೆ ಬರುತ್ತಿತ್ತು. ಅದನ್ನೂ ಬಟ್ಟೆಯನ್ನೂ ತೊಡೆಯ ಮೇಲೆ ಹರಡಿಕೊಂಡು ಅವಳು ಪುರಿ ತಿನ್ನುತ್ತಾ ಕೂತಳು.

ಕತ್ತಲಾದ ಮೇಲೆ ಬನ್ನಿಸೊಪ್ಪು ಬಂತು, ಸೂಜಿಗೆ ಬಿಡುಗಡೆಯಾಯಿತು. ಸೊಪ್ಪಿನ ಹಿಂದೆ ನಡೆದು ನಡೆದು ಹಸಿದ ಅಷ್ಟು ಹೊಟ್ಟೆಗಳೂ ಬಂದಿದ್ದವು. ಆ ಹೊತ್ತಿನಲ್ಲಿ ಶಿವನಂಜಮ್ಮನಿಗೆ ಬೇಕಾದ ಆಯುಧ ಸೌಟು.

ಮರುದಿನ ಬೆಳಿಗ್ಗೆ ಊರಿಗೆ ಹೊರಡುವವರ ಗಲಾಟೆ. ಒಬ್ಬರಿಗೆ ಬುತ್ತಿ, ಒಬ್ಬರಿಗೆ ಬಿಸಿನೀರು, ಕೆಂಪಯ್ಯನಿಗೆ ಕಳೆದುಹೋದ ಕೋಲು. ಅದರ ನಡುವೆ ಶಿವನಂಜಮ್ಮ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತುಕೊಂಡೇ ಹೊಲಿದಳು. ಕೂತರೆ ಕರೆಯುತ್ತಾರೆ, ನಿಂತವಳು ಏನೋ ಕೆಲಸದಲ್ಲಿದ್ದಾಳೆ ಎಂದುಕೊಳ್ಳುತ್ತಾರೆ. ಹಂಸದ ಕತ್ತು ಬುಡದಿಂದ ಮೇಲೆದ್ದಿತು, ಬಾಗಿತು, ಕುಂಕುಮದ ಬೊಟ್ಟಿನ ಹತ್ತಿರ ಬಂತು. ತಲೆಯೊಂದು ಮುಗಿದರೆ ಬೊಟ್ಟೂ ಮುಚ್ಚಿಹೋಗುತ್ತದೆ. ಎಲ್ಲರನ್ನೂ ಕಳಿಸಿ, ತಲೆ ಮುಗಿಸಿ, ಬೇಗ ಬೇಗ ನಡೆದರೆ ಸಮಿತಿ ಕೂರುವ ಹೊತ್ತಿಗೆ ಜಯಲಕ್ಷ್ಮಿಪುರಂ ತಲುಪಬಹುದಿತ್ತು. ಇದು ಆಗುತ್ತದೆ ಎಂದು ಅವಳಿಗೆ ಮೊದಲ ಸಲ ಎನಿಸಿತು.

ಕೊನೆಗೆ ಹೊರಟವಳು ಸಿದ್ದಲಿಂಗಮ್ಮ. ಮನೆಮಗಳಿಗೆ ಮಡಿಲಕ್ಕಿ ಹಾಕದೆ ಕಳಿಸುವುದುಂಟೆ? ಶಿವನಂಜಮ್ಮ ಸೂಜಿ ಸಿಕ್ಕಿಸಿದ ಬಟ್ಟೆಯನ್ನು ಗೂಡಿನಲ್ಲಿಟ್ಟು ಬಂದು ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಎಲ್ಲ ಮಡಿಲಿಗೆ ತುಂಬಿದಳು. ಸಿದ್ದಲಿಂಗಮ್ಮ ಮಡಿಲು ಕಟ್ಟಿಕೊಂಡು ಹೊಸಿಲ ತನಕ ಹೋಗಿ, ನಿಂತು, ಗೂಡಿನ ಕಡೆ ನೋಡಿದಳು.

"ಅತ್ತಿಗೆ, ತಪ್ ತಿಳ್ಕೋಬೇಡಿ. ಆ ಹಂಸದ್ದು ನಂಗೆ ಕೊಟ್ಬುಡಿ. ಪೂಜೆಗೆ ಇಟ್ಟಿದ್ದಲ್ವಾ, ನಮ್ಮನೆ ಗೋಡೆಗಾಕಿದ್ರೆ ಒಳ್ಳೇದಾಯ್ತದೆ."

"ಅದು ಇನ್ನೂ ಮುಗ್ದಿಲ್ವಲ್ಲ ಸಿದ್ದಮ್ಮ," ಎಂದಳು ಶಿವನಂಜಮ್ಮ. ಅವಳ ಕೈಯಲ್ಲಿದ್ದ ಪ್ರತಿಭಟನೆಯೆಲ್ಲ ಅಷ್ಟೇ.

"ಮಿಕ್ಕಿದ್ನ ನಾನೇ ಹಾಕ್ಕೊತೀನಿ ಬುಡಿ. ನಿಮ್ ಕೈಗೆ ಎಷ್ಟೊತ್ತು, ಇನ್ನೊಂದು ಮಾಡ್ಕೊಳಿ."

ಶಿವನಂಜಮ್ಮ ಅತ್ತೆಯ ಕಡೆ ನೋಡಿದಳು. ಸಮಿತಿಯ ವಿಷಯ ಪುಟ್ಟತಾಯಮ್ಮನಿಗೆ ನೆನಪಿತ್ತು. ಬಾಯಿ ತೆರೆದರು, ಮಡಿಲು ತುಂಬಿಕೊಂಡು ನಿಂತ ಮಗಳನ್ನು ನೋಡಿದರು, ಬಾಯಿ ಮುಚ್ಚಿದರು. ಮಡಿಲಕ್ಕಿ ಕಟ್ಟಿಕೊಂಡ ಮನೆಮಗಳು ಹೊಸಿಲ ಮೇಲೆ ನಿಂತು ಕೇಳಿದ್ದನ್ನು ಇಲ್ಲವೆಂದದ್ದು ಆ ವಂಶದಲ್ಲೇ ಇಲ್ಲ. ಶಿವನಂಜಮ್ಮ ಗಂಡನ ಕಡೆ ತಿರುಗಿದಳು. ಚೆಲುವರಾಜು ತಂಗಿಯ ಟ್ರಂಕು ಹಿಡಿದು, ಜಗತ್ತಿನಲ್ಲಿ ತನಗೆ ಸಂಬಂಧಪಟ್ಟದ್ದು ಗಡಿಯಾರವೊಂದೇ ಎಂಬಂತೆ ಅದನ್ನೇ ನೋಡುತ್ತಿದ್ದ.

"ಕೊಟ್ಬುಡು ನಂಜಮ್ಮ," ಎಂದ, "ರೈಲಿಗೆ ಹೊತ್ತಾಯ್ತು."

ಅವಳು ಗೂಡಿನಿಂದ ಬಟ್ಟೆ ತೆಗೆದಳು. ಹೊಸಿಲು ದಾಟುವ ಮಗಳಿಗೆ ಚುಚ್ಚುವ ವಸ್ತು ಕೊಡಬಾರದೆಂದು ಸೂಜಿ ಎಳೆದುಕೊಂಡು, ದಾರ ಕಡಿದು, ನಾಲ್ಕು ಮಡಿಕೆ ಮಡಿಸಿ ಕೊಟ್ಟಳು. "ಅದ್ರಲ್ಲೇನಿದೆ, ತಗೊಂಡೋಗಿ," ಎಂದು ಹೇಳಿದ್ದು ತನ್ನ ಬಾಯಿಯೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಸಿದ್ದಲಿಂಗಮ್ಮ ನಿಜವಾಗಿ ಸಂತೋಷಪಟ್ಟಳು. ಅದನ್ನು ಟ್ರಂಕಿಗೆ ಹಾಕದೆ ಮಡಿಲಕ್ಕಿಯ ಮೇಲೆಯೇ ಇಟ್ಟುಕೊಂಡು ಜಟಕಾ ಹತ್ತಿದಳು.

ಮನೆಯಲ್ಲಿ ಕೂತರೆ ಅತ್ತೆಯ ಕನಿಕರ ನೋಡಬೇಕಾಗುತ್ತದೆ. ಶಿವನಂಜಮ್ಮ ಬಿದ್ದಿದ್ದ ಪಾತ್ರೆಗಳನ್ನೆಲ್ಲ ತಿಕ್ಕಿ ಮುಗಿಸಿ, ಹೊತ್ತು ಇಳಿದ ಮೇಲೆ ಮುಖ ತೊಳೆದು, ಬರಿಗೈಯಲ್ಲೇ ಜಯಲಕ್ಷ್ಮಿಪುರಂಗೆ ನಡೆದಳು. ಬರುತ್ತೇನೆಂದು ಹೇಳಿ ಬರದೆ ಇರುವುದು ಇನ್ನೊಂದು ತಪ್ಪಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅವಳಿಗೂ ಗೊತ್ತಿರಲಿಲ್ಲ.

ಸಮಿತಿಯವರು ಎದ್ದು ಹೋಗಿದ್ದರು. ಮಂಜುಳಮ್ಮ ಒಬ್ಬರೇ ಉದ್ದ ಮೇಜಿನ ಮುಂದೆ ಕೂತು ಹೊಲಿಗೆಯ ಬಟ್ಟೆಗಳನ್ನು ಮಡಿಸುತ್ತಿದ್ದರು. ಅವಳ ಖಾಲಿ ಕೈ ನೋಡಿ, "ಎಲ್ರೀ ನಿಮ್ಮದು?" ಎಂದರು.

"ಕೊಟ್ಬುಟ್ಟೆ ಅಮ್ಮಾವ್ರೆ. ನಾದಿನಿ ಕೇಳಿದ್ರು."

ಯಾಕೆ ಕೊಟ್ಟಿರಿ ಎಂದು ಮಂಜುಳಮ್ಮ ಕೇಳಲಿಲ್ಲ. ಅವರೂ ಸಂಸಾರಸ್ಥರು; ಅವರ ಸೆರಗಿನಲ್ಲೂ ಇನ್ನೂ ಒಗ್ಗರಣೆಯ ವಾಸನೆ ಇತ್ತು. ಕುರ್ಚಿ ತೋರಿಸಿ ಕೂರಿಸಿದರು. ಕೆಲಸ ಅಲಮೇಲು ಎಂಬ ಹುಡುಗಿಗೆ ಸಿಕ್ಕಿತೆಂದು ಹೇಳಿದರು. ತಾಯಿಯ ಜೊತೆ ಒಂದು ಕೋಣೆಯ ಮನೆಯಲ್ಲಿರುವವಳು, ಮದುವೆಯಿಲ್ಲ, ದಸರಾಕ್ಕೆ ಯಾರೂ ಬರುವುದಿಲ್ಲ. ಅವಳು ಹೊಲಿದ ಮೇಜುಬಟ್ಟೆಯನ್ನು ಮಂಜುಳಮ್ಮ ಮುಂದೆ ಸರಿಸಿದರು.

ಶಿವನಂಜಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂಲೆಯಿಂದ ಮೂಲೆಗೆ ಕಣ್ಣು ಹಾಯಿಸಿದಳು, ಸಾಲು ಬಿಡದೆ, ಮತ್ತೊಮ್ಮೆ. ಒಂದೇ ಒಂದು ಎಳೆ ತಪ್ಪಾಗಿ ಒರಗಿದ್ದರೆ ಅದನ್ನು ಮನೆಗೆ ಒಯ್ದು ವರ್ಷವೆಲ್ಲ ಇಟ್ಟುಕೊಳ್ಳಬಹುದಿತ್ತು. ಎಲ್ಲೂ ಸಿಗಲಿಲ್ಲ. ಬಳ್ಳಿಗಳು ಮೂಲೆಗಳಲ್ಲಿ ಸರಿಯಾಗಿ ಕೂಡಿದ್ದವು.

"ಚೆನ್ನಾಗದೆ ಅಮ್ಮಾವ್ರೆ. ಬೋ ಚೆನ್ನಾಗದೆ," ಎಂದು ಮಡಿಸಿ ಕೊಟ್ಟಳು. ಅದು ನಿಜವಾಗಿದ್ದರಿಂದ ಹೇಳುವುದು ಇನ್ನೂ ಕಷ್ಟವಾಯಿತು.

ಮಂಜುಳಮ್ಮ ಬಾಗಿಲ ತನಕ ಬಂದರು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹುಡುಕಿ, "ಹುಡುಗಿಗೆ ಮದುವೆ ಗೊತ್ತಾದ್ರೆ ಜಾಗ ಮತ್ತೆ ಖಾಲಿಯಾಗುತ್ತೆ ರೀ. ಒಂದು ಕೆಲಸ ಮಾಡಿ. ಮುಂದಿನ ದಸರಾಕ್ಕೆ ಬಟ್ಟೆ ಸೂಜಿ ಎತ್ಕೊಂಡು ನೀವೇ ಯಾರಾದ್ರೂ ನೆಂಟರ ಮನೆಗೆ ಹೋಗಿ ಕೂತುಬಿಡಿ," ಎಂದರು.

ಶಿವನಂಜಮ್ಮ ಚಪ್ಪಲಿ ಮೆಟ್ಟುತ್ತಾ ಒಂದು ಗಳಿಗೆ ಅದನ್ನು ನಿಜವಾಗಿಯೇ ಯೋಚಿಸಿದಳು. ಮಂಡ್ಯ, ಹಿನಕಲ್, ಒಂದೊಂದೇ ಬಾಗಿಲನ್ನು ಮನಸ್ಸಿನಲ್ಲಿ ತಟ್ಟಿ ನೋಡಿದಳು.

"ಯಾರ ಮನೆಗೆ ಹೋಗ್ಲಿ ಅಮ್ಮಾವ್ರೆ," ಎಂದಳು, "ಎಲ್ರೂ ನಮ್ಮನೇಲೇ ಇರ್ತಾರಲ್ಲ."